ತಾಮ್ರದ ಲೆಕ್ಕ

ಸಿದ್ದಾಪುರದಲ್ಲಿ, ಅಮ್ಮತ್ತಿ ರಸ್ತೆಗೆ ಬೆನ್ನು ಹಾಕಿ
ಗೊಬ್ಬರದ ಹಳೇ ಗೋಡೌನು.
ಯೂರಿಯಾ ಹೋಗಿ ಹತ್ತು ವರ್ಷ, ವಾಸನೆ ಹೋಗಿಲ್ಲ.
ಅಲ್ಲಿ ನಾನು, ಪಟಾಲಮ್ಮಿನ ವರ್ಕ್‌ಶಾಪಿನ ಮಾಜಿ ಹವಾಲ್ದಾರ,
ಸಂಘದವರು ಕೊಡುವ ಏಳು ಸಾವಿರಕ್ಕೆ
ಹನ್ನೊಂದು ಮಕ್ಕಳಿಗೆ ಮೋಟಾರು ಸುತ್ತಲು ಕಲಿಸುತ್ತೇನೆ.

ಮಕ್ಕಳು ಅಂದೆ. ಮೀಸೆ ಬಂದವರು.
ಒಬ್ಬನಿಗೆ ಒಂದು ಮಗುವೂ ಇದೆ.
ಶಾಲೆ ಬಿಟ್ಟ ವರ್ಷ ಕೇಳಿದರೆ
ಅಪ್ಪ ಬಿದ್ದ ವರ್ಷ ಹೇಳುತ್ತಾರೆ,
ಸಿಲ್ವರ್ ಮರದಿಂದ, ಇಲ್ಲಾ ಬಾಟಲಿಯೊಳಕ್ಕೆ.

ಲೋಹಿತನನ್ನು ತಂದುಬಿಟ್ಟದ್ದು ಠಾಣೆಯ ಪೇದೆ,
ಬೈಕಿನ ಹಿಂದೆ ಕೂರಿಸಿಕೊಂಡು.
"ಕೈ ಚುರುಕು ಮಾಸ್ಟ್ರೇ. ಅದೇ ತೊಂದರೆ."
ಮೂರು ತೋಟದ ಪಂಪ್‌ಹೌಸಿಗೆ ರಾತ್ರಿ ನುಗ್ಗಿ
ಮೋಟಾರಿನ ಹೊಟ್ಟೆ ಬಗೆದು
ಟಯರಿನ ಬೆಂಕಿಯಲ್ಲಿ ಎನಾಮಲ್ ಸುಟ್ಟು
ಕುಶಾಲನಗರದ ಗುಜರಿಗೆ ಕಿಲೋ ಲೆಕ್ಕದಲ್ಲಿ ಹಾಕಿದವ.
ಹದಿನೇಳು ವರ್ಷ. ಲೈನ್ ಮನೆ.

ಮೊದಲ ದಿನ ಸುಟ್ಟ ಸ್ಟೇಟರು ಕೊಟ್ಟೆ, ಬಿಚ್ಚಲು.
ಉಳಿದವರು ಮಧ್ಯಾಹ್ನದ ಊಟದವರೆಗೆ ತಿಣುಕಾಡಿದರು.
ಇವನು ಉಳಿ ಇಟ್ಟ, ಒಂದೇಟು, ಎಳೆದ,
ಹಲಸಿನ ತೊಳೆ ಬಿಡಿಸಿದ ಹಾಗೆ.
ಕೋಣೆ ಸುಮ್ಮನಾಯಿತು.
ರೆಜಿನಾ ಕಿಸಕ್ಕನೆ ನಕ್ಕಳು, ಆಮೇಲೆ ಎಲ್ಲರೂ,
ಕೊನೆಗೆ ಅವನೂ, ಕಿವಿ ಕೆಂಪಾಗಿ.

ಬಿಚ್ಚುವುದು ಬರುತ್ತಿತ್ತು. ಸುತ್ತುವುದು ಬರಲಿಲ್ಲ.
ಇಪ್ಪತ್ತೆರಡನೇ ಗೇಜಿನ ತಂತಿ, ಐವತ್ತೆರಡು ಸುತ್ತು;
ಐವತ್ತೊಂದಾದರೆ ಕರೆಂಟು ಕ್ಷಮಿಸುವುದಿಲ್ಲ.
ಮೂವತ್ತರ ಹತ್ತಿರ ಎಲ್ಲೋ ಹೋಗಿಬಿಡುತ್ತಿದ್ದ,
ಗೇಟಿನಲ್ಲಿ ಯಾರೋ ಕೂಗಿದ ಹಾಗೆ ತಲೆ ಎತ್ತುತ್ತಿದ್ದ.
ನಾನು ಬೈಯಲಿಲ್ಲ ಎಂದರೆ ಸುಳ್ಳು.
ಬೈದೆ, ಬ್ಯಾರಕ್ಕಿನ ಹಿಂದಿಯಲ್ಲಿ.
ಎರಡು ವಾರ ಬರಲಿಲ್ಲ.
ಹಾಜರಿಯಲ್ಲಿ ಹೆಸರು ಕರೆದು, ಚೂರು ತಡೆದು, ಮುಂದಕ್ಕೆ ಹೋಗುತ್ತಿದ್ದೆ.

ಮೂರನೇ ಸೋಮವಾರ ಚೆನ್ನಂಗಿ ಹಾಡಿಯ ಮುತ್ತ
ಮೆಣಸಿನ ಏಣಿಯಿಂದ ಇಳಿಸಿ ಎಳೆದು ತಂದ.
ಪಕ್ಕದಲ್ಲೇ ಕೂತು ಎಣಿಸಿದ,
ತನ್ನ ಎರವ ಮಾತಿನಲ್ಲಿ, ಮೆಲ್ಲಗೆ.
ಅರ್ಥವಾಗದ ಆ ಅಂಕಿಗಳಿಗೆ
ಇವನ ಬೆರಳು ತಪ್ಪಲಿಲ್ಲ.

ಈ ಸಲ ಹೂಮಳೆ ಬರಲಿಲ್ಲ.
ಮಾರ್ಚು ಅರ್ಧ ಕಳೆಯಿತು, ರೋಬಸ್ಟ ಮೊಗ್ಗು ಬಾಡತೊಡಗಿತು.
ಕೆರೆ ಕೆರೆಗೂ ಸ್ಪ್ರಿಂಕ್ಲರು; ಹಗಲೂ ರಾತ್ರಿ ಓಡಿ
ಮೋಟಾರುಗಳು ಸಾಲಾಗಿ ಸುಟ್ಟವು.
ಪೇಟೆಯ ಅಂಗಡಿಯವರು ಹತ್ತು ದಿನ ಅಂದರು,
ಜೀಪುಗಳು ನಮ್ಮ ಗೋಡೌನಿಗೆ ತಿರುಗಿದವು.
ಒಂದರ ಮೈಮೇಲೆ ಬಿಳಿ ಬಣ್ಣದಲ್ಲಿ ತೋಟದ ಹೆಸರು.
ಲೋಹಿತ ಓದಿದ. ಇನ್ನೊಮ್ಮೆ ಓದಿದ.
"ಇದರ ಹಿಂದಿನದ್ದು ನಾನೇ ತೆಗ್ದಿದ್ದು" ಎಂದ.

ತಾನೇ ಸುತ್ತಿದ. ವಾರ್ನಿಷ್ ಕುಡಿಸಿದ.
ರಾತ್ರಿಯಿಡೀ ಬಲ್ಬಿನ ಪೆಟ್ಟಿಗೆಯಲ್ಲಿ ಒಣಗಿಸಿ
ಬೆಳಿಗ್ಗೆ ಸೀರೀಸ್ ದೀಪ ಹಿಡಿದ,
ಒಂದು ವಯರು ತಾಮ್ರಕ್ಕೆ, ಒಂದು ಕಬ್ಬಿಣದ ಮೈಗೆ.
ಹತ್ತಬಾರದು. ಹತ್ತಲಿಲ್ಲ.
ನಮ್ಮ ಕಸುಬಲ್ಲಿ ಕತ್ತಲೆಯೇ ಪಾಸು.

ತೋಟಕ್ಕೆ ಇಬ್ಬರೂ ಹೋದೆವು. ಕೂರಿಸಿದ. ಓಡಿತು.
ವಾಪಸು ಬರುವಾಗ ಗೇಟಿನಲ್ಲಿ ರೈಟರು:
"ಅವನ ಚೀಲ ತೋರಿಸಲಿ."
ನನ್ನ ಕೈ ಸೊಂಟದ ಬೆಲ್ಟಿಗೆ ಹೋಯಿತು, ಹಳೇ ಅಭ್ಯಾಸ;
ಬಾಯಿಗೆ ಬಂದದ್ದು ಇಲ್ಲಿ ಬರೆಯುವಂಥದ್ದಲ್ಲ.
ಅಷ್ಟರಲ್ಲಿ ಲೋಹಿತ ಚೀಲ ಬಿಚ್ಚಿ ಕಟ್ಟೆಯ ಮೇಲೆ ಸುರಿದಿದ್ದ:
ಟೆಸ್ಟರು, ಸ್ಪಾನರು, ನನ್ನ ಹೆಂಡತಿ ಕೊಟ್ಟ ಕಡಂಬುಟ್ಟಿನಲ್ಲಿ ಉಳಿದ ಒಂದು,
ಮತ್ತೆ ಬಟ್ಟೆಯಲ್ಲಿ ಗಂಟು ಕಟ್ಟಿದ ಹಳೇ ತಾಮ್ರ,
ಪೇಟೆಯಲ್ಲಾದರೆ ಅಂಗಡಿಯವನೇ ಇಟ್ಟುಕೊಳ್ಳುವುದು ವಾಡಿಕೆ.

"ಮೂರು ಕಿಲೋ ನೂರಾ ಎಂಬತ್ತು ಗ್ರಾಮು," ಎಂದ.
"ನಿಮಗೆ ಕೊಡೋಕೇ ಬರ್ತಾ ಇದ್ದೆ.
ಮೆಣಸು ತೂಗುವ ತಕ್ಕಡಿ ಇದೆಯಲ್ಲ, ತೂಗಿ,
ಬುಕ್ಕಲ್ಲಿ ಬರೆದು
ನನ್ನ ಹೆಸರಿಗೆ ಒಂದು ಚೀಟಿ ಕೊಡಿ."

ರೈಟರು ಪೆನ್ನು ಹುಡುಕತೊಡಗಿದ.
ಈ ಜೇಬು, ಆ ಜೇಬು.
ಹಿಂದೆ ತೋಟದೊಳಗೆ ಜೆಟ್ಟು
ಟಿಕ್ ಟಿಕ್ ಎಂದು ಸುತ್ತು ಹಾಕುತ್ತಿತ್ತು.
ನಾವು ಕಾಯುತ್ತೇವೆ, ಅಂದೆ.