ತಿದ್ದು

ಮೂವತ್ತು ಮಕ್ಕಳು, ಒಂದು ಹೀಟರು, ಹದಿನೇಳು ಪುಸ್ತಕ.
ಅದರಲ್ಲೂ ನಾಲ್ಕಕ್ಕೆ ಕೊನೆಯ ಹಾಳೆ ಇಲ್ಲ.
ಕಳೆದ ನಾಯಿ ಸಿಕ್ಕಿತೋ ಇಲ್ಲವೋ
ಗ್ರಿಮ್ಸ್‌ಬಿಯ ಈ ಒಂದನೇ ತರಗತಿಯಲ್ಲಿ ಯಾರಿಗೂ ಗೊತ್ತಿಲ್ಲ.

ಸೆಪ್ಟೆಂಬರಿನಲ್ಲಿ ಡೋರೀನ್ ಇದ್ದಳು.
ಮೂಲೆಯ ಮೇಜಿಗೆ ಆರು ಮಕ್ಕಳನ್ನು ಕರೆದುಕೊಂಡು
ಸ್, ಆ, ಟ್ ಎಂದು, ಹಾಲು ಕರೆಯುವ ಹಾಗೆ,
ಒಂದೊಂದೇ ಸದ್ದು ಇಳಿಸಿಕೊಳ್ಳುತ್ತಿದ್ದಳು.
ಕ್ರಿಸ್‌ಮಸ್ ರಜೆ ಮುಗಿಯುವಷ್ಟರಲ್ಲಿ ಅವಳ ಕೆಲಸ ಕತ್ತರಿಸಿದ್ದರು.
ಅವಳ ಟೀ ಕಪ್ಪು ಇನ್ನೂ ಸಿಂಕಿನ ಪಕ್ಕ ಇದೆ.
ಮೇಜು ಇದೆ. ಆರು ಮಕ್ಕಳು ಇದ್ದಾರೆ.
"ನೀನು ಗಟ್ಟಿಗಿತ್ತಿ, ನಿಭಾಯಿಸುತ್ತೀ" ಅಂದರು
ಹೆಡ್‌ಮಿಸ್ಟ್ರೆಸ್ ಬ್ಲಾಂಚರ್ಡ್.
ಹೊಗಳಿಕೆಗೆ ಬಜೆಟ್ ಬೇಕಿಲ್ಲ.

ನನ್ನ ಭಾಷೆಯಲ್ಲಿ ಕಾಗೆ ಅಂದರೆ ಕಾ, ಗೆ.
ಯಾವ ಅಕ್ಷರವೂ ಬಾಯಿ ಮುಚ್ಚಿ ಕೂರುವುದಿಲ್ಲ.
ಇಲ್ಲಿ ಕುದುರೆ ಏರಿದ ನೈಟ್ ಎಂಬ ವೀರನೊಳಗೆ
ಮೂವರು ಮೂಕರು.
ಐದು ವರ್ಷದ ಮಗುವಿಗೆ ಅದನ್ನು ಹೇಳಿಕೊಡುವಾಗ
ನನಗೇ ಸಂಕೋಚ, ಯಾರದೋ ಮನೆಯ ಗುಟ್ಟನ್ನು
ಬೀದಿಯಲ್ಲಿ ನಿಂತು ಆಡಿದ ಹಾಗೆ.

ಹಿರಿಯೂರಿನ ಶಾಲೆಯಲ್ಲಿ ನಮಗೆ ಹುಣಸೆಬೀಜ ಇತ್ತು.
ನೆಲದ ಮೇಲೆ ಸೀಮೆಸುಣ್ಣದ ಅ,
ಅದರ ಬಳುಕಿನ ಮೇಲೆ ಬೀಜದ ಸಾಲು.
ಇಲ್ಲಿ ನಾನು ಕೊಂಡದ್ದು ಒಣ ಬಟಾಣಿ, ಸ್ವಂತ ದುಡ್ಡಲ್ಲಿ,
ಮೀನಿನಂಗಡಿಯವರು ಬೇಯಿಸಿ ಅರೆಯುವಂಥದು.
ಎರಡನೇ ದಿನ ಒಂದು ಬಟಾಣಿ ಮೇಸಿಯ ಮೂಗು ಸೇರಿತು.
ಅಪಘಾತದ ಫಾರ್ಮು ಮೂರು ಪುಟ.
ಅದಕ್ಕೆ ಮಾತ್ರ ಕಾಗದದ ಕೊರತೆ ಇರಲಿಲ್ಲ.

ರಾತ್ರಿ ಹನ್ನೊಂದಕ್ಕೆ ಕಾರ್ನ್‌ಫ್ಲೇಕ್ಸ್ ಡಬ್ಬಿ ಕತ್ತರಿಸಿ
ಅದರ ಬೂದು ಬೆನ್ನಿನ ಮೇಲೆ ಶ್, ಚ್, ಥ್ ಬರೆಯುತ್ತೇನೆ.
ಕನಸಿನಲ್ಲೂ ಯಾರೋ ತಡವರಿಸಿ ಓದುತ್ತಾರೆ,
ನಾನು ತುಟಿ ಅಲ್ಲಾಡಿಸುತ್ತೇನೆ.

ಜೂನ್ ಬಂತು, ಪರೀಕ್ಷೆ ಬಂತು. ನಲವತ್ತು ಪದ,
ಅರ್ಧಕ್ಕೆ ಅರ್ಥವೇ ಇಲ್ಲ, ಪಕ್ಕದಲ್ಲೊಂದು ಬಣ್ಣದ ಭೂತ;
ಸದ್ದು ಕೂಡಿಸಿ ಅದರ ಹೆಸರು ಹೇಳಬೇಕು.
ಮೂವತ್ತೆರಡು ಬಂದರೆ ಮಗು ದಡ ಸೇರಿದ ಹಾಗೆ.
ರೋಕಸ್ ಕೂತ. ಅವನು ಬಾಯಿ ಬಿಟ್ಟದ್ದೇ ಈಸ್ಟರ್ ಆದಮೇಲೆ.
ಮೂವತ್ತೊಂದು ಸರಿ ಬಂತು. ಉಳಿದದ್ದೊಂದು: ಸ್ಟ್ರಾಮ್.
ಅವನು ಕಿಟಕಿಯ ಕಡೆ ನೋಡಿದ.
ಅವನಪ್ಪ ಕಡಲೊಳಗಿನ ಗಾಳಿಯಂತ್ರಕ್ಕೆ ಬೋಲ್ಟು ಬಿಗಿಯುವವನು;
ಮೂರು ದಿನದಿಂದ ದೋಣಿ ದಕ್ಕೆಗೆ ಬಂದಿಲ್ಲ.
ಲಿಥುವೇನಿಯಾದ ಗಡಸು ರ ಒಂದು ಹೆಜ್ಜೆ ಜಾರಿತು.
"ಸ್ಟಾರ್ಮ್" ಅಂದ.

ತಿದ್ದು ಅಂದರೆ ನಮ್ಮಲ್ಲಿ
ಬರೆದದ್ದರ ಮೇಲೆ ಮತ್ತೆ ಮತ್ತೆ ಬರೆ, ಕೈ ಕೂರುವ ತನಕ.
ತಿದ್ದು ಅಂದರೆ ತಪ್ಪನ್ನು ಸರಿಮಾಡು.
ತಿದ್ದು ಅಂದರೆ, ಯಾರೂ ನೋಡದಾಗ
ಲೆಕ್ಕದ ಪುಸ್ತಕದಲ್ಲಿ ಶ್ಯಾನುಭೋಗ ಮಾಡುವುದೂ ಹೌದು.
ಪೆನ್ನಿನ ಮುಚ್ಚಳ ತೆಗೆದೆ. ಹಾಕಿದೆ. ತೆಗೆದೆ.
ಷರಾ ಬರೆಯಲು ಆ ಹಾಳೆಯಲ್ಲಿ ಕಾಲಂ ಇಲ್ಲ.
ಸೊನ್ನೆ ಹಾಕಿದೆ, ದುಂಡಗೆ.
ಇಷ್ಟು ಚೆಂದದ ಸೊನ್ನೆ ನಾನು ಬರೆದೇ ಇರಲಿಲ್ಲ.

ನಾಲ್ಕು ಗಂಟೆಯೊಳಗೆ ಅಂಕಿ ಕಳಿಸಿ, ಎಂದಿದ್ದರು; ಕಳಿಸಿದೆ.
ಪುಸ್ತಕ ಜೋಡಿಸುವಾಗ ಒಂದರಿಂದ ಚೂರು ಕಾಗದ ಇಣುಕಿತು,
ಕೊನೆಯ ಹಾಳೆ ಇಲ್ಲದ್ದರಿಂದ. ರೋಕಸನ ಕೈ.
ನಾಯಿ ವಾಪಸು ಬಂತು ಎಂದು, ಸಿ ಬದಲು ಕೆ,
ತುದಿಯ ಮೂಕ ಇ ಇಲ್ಲ,
ಕೇಳಿದ್ದನ್ನು ಕೇಳಿದ ಹಾಗೇ ಬರೆದಿದ್ದ.

ಹಾಗೇ ಅಂಟಿಸಿದೆ.
ಟೇಪು ನನ್ನ ಡ್ರಾಯರಿನದು.
ಅದೂ ಮುಗಿಯುತ್ತ ಬಂದಿದೆ.