ಮುಲ್ಕಿಯಾ

ರಾಸ್ ಅಲ್ ಖೈಮಾದಲ್ಲಿ, ಗುಡ್ಡದ ಬುಡದ ಖರ್ಜೂರದ ತೋಟದಲ್ಲಿ,
ತಗಡಿನ ಮಾಡಿನಡಿ ಹನ್ನೊಂದು ವರ್ಷ ನಿಂತೇ ಇತ್ತಂತೆ.
ಬಾನೆಟ್ಟಿನ ಧೂಳಿನಲ್ಲಿ ಬೆಕ್ಕಿನ ಹೆಜ್ಜೆ,
ಹತ್ತಿದ್ದು ಮಾತ್ರ; ಇಳಿದದ್ದು ಕಾಣಲಿಲ್ಲ.
ಎಂಬತ್ತಾರನೇ ಇಸವಿಯ ಮರ್ಸಿಡಿಸ್. ಆರು ಸಿಲಿಂಡರ್.
ಬಣ್ಣಕ್ಕೆ ಕಂಪನಿಯ ಪುಸ್ತಕದಲ್ಲಿ ಉದ್ದದ ಹೆಸರಿದೆ,
ನನ್ನ ಕಣ್ಣಿಗೆ ಹಾಲು ಕಮ್ಮಿಯಾದ ಚಹಾ.

ಪೇಶಾವರದ ಗುಲ್‌ಜಾನ್ ಬಾನೆಟ್ ಎತ್ತಿ
ಒಳಗೆ ತಲೆ ತೂರಿಸಿ ಪಶ್ತೋದಲ್ಲಿ ಬೈದ.
ನಾನು ಹಿಂದಿನ ಸೀಟಿನಲ್ಲಿ ಕುಳಿತು
ಹೆಬ್ಬೆರಳಿನಿಂದ ಹೊಲಿಗೆ ಒತ್ತಿ ನೋಡಿದೆ.
ಇಪ್ಪತ್ತಾರು ವರ್ಷ, ಶಾರ್ಜಾದ ಇಂಡಸ್ಟ್ರಿಯಲ್ ಏರಿಯಾದಲ್ಲಿ,
ಬೇರೆಯವರು ಕೂರುವ ಜಾಗ ಹೊಲಿದವನು.
ಯಾರು ಕುಳಿತಿದ್ದರು, ಎಷ್ಟು ತೂಕ, ಯಾವ ಮಗ್ಗುಲಿಗೆ ವಾಲುತ್ತಿದ್ದರು,
ಚರ್ಮ ಹೇಳುತ್ತದೆ. ಎಂಜಿನ್ನು ಬೇಕಾದರೆ ಸುಳ್ಳು ಹೇಳೀತು.

ಮುದುಕ ಖಲ್ಫಾನ್ ಮೂರು ಸಲ ಕಹ್ವಾ ಸುರಿದ ಮೇಲೆ ಬೆಲೆ ಹೇಳಿದ.
ನಾನು ಅರ್ಧ ಹೇಳಿದೆ.
ಅವನು ಎದ್ದು ಹೋಗಿ ಹಿಂಬಾಗಿಲು ತೆರೆದು, ಮುಚ್ಚಿದ.
ಅಕ್ಕಿ ಮುಡಿ ನೆಲಕ್ಕಿಳಿಸಿದ ಹಾಗೆ ಒಂದು ಸದ್ದು.
"ಇದಕ್ಕೆಷ್ಟು?" ಎಂದ.
ಎರಡು ಸಾವಿರ ಏರಿಸಿದೆ.

ಪಾಸಿಂಗಿನಲ್ಲಿ ಎರಡು ಸಲ ಫೇಲು: ಒಮ್ಮೆ ಹೊಗೆಗೆ, ಒಮ್ಮೆ ಹಾರ್ನಿಗೆ.
ಇನ್ಶೂರೆನ್ಸಿನ ಹುಡುಗಿ ಗಾಡಿಯ ವಯಸ್ಸು ನೋಡಿ,
ನನ್ನ ವಯಸ್ಸು ನೋಡಿ,
ಮ್ಯಾನೇಜರನ್ನು ಕೇಳಿ ಬರುತ್ತೇನೆಂದು ಹೋದಳು.
ಜರ್ಮನಿಯಿಂದ ಬಂತು ಒಂದು ರಬ್ಬರ್ ಉಂಗುರ,
ಮದುವೆಯ ಉಂಗುರದಷ್ಟೇ ಜಾಗ್ರತೆಯಿಂದ ಕಟ್ಟಿದ್ದರು,
ಬೆಲೆ ಮಾತ್ರ ಅದಕ್ಕಿಂತ ತುಸು ಕಮ್ಮಿ.
ಕೊನೆಗೆ ಮೆಶಿನ್ನಿನ ಬಾಯಿಂದ, ಇನ್ನೂ ಬೆಚ್ಚಗೆ, ಕಾರ್ಡು.
ಇಲ್ಲಿ ಅದಕ್ಕೆ ಮುಲ್ಕಿಯಾ ಅನ್ನುತ್ತಾರೆ.
ಮುಲ್ಕಿಯವನಿಗೆ ಮುಲ್ಕಿಯಾ!
ಗುಲ್‌ಜಾನನಿಗೆ ವಿವರಿಸಲು ಹೋಗಿ ಸೋತೆ.
ಒಡೆಯ: ವಾಮನ ಸಾಲಿಯಾನ್. ಅವಧಿ: ಒಂದು ವರ್ಷ.
ನನ್ನ ವೀಸಾಕ್ಕೆ ಇನ್ನು ಏಳೇ ತಿಂಗಳು.

ಗಾಡಿ ಐದು ಮೀಟರ್. ನನ್ನ ಬೆಡ್‌ಸ್ಪೇಸ್ ಎರಡು, ಅದೂ ಮೇಲಿನ ಮಂಚ.
ಹೆಸರಿಟ್ಟ ಅಜ್ಜಿಯ ಮನಸ್ಸಿನಲ್ಲಿ ಮೂರು ಹೆಜ್ಜೆಯ ಕತೆ ಇದ್ದಿರಬೇಕು;
ನಾನು ಹೆಜ್ಜೆ ಹಾಕಿ ಅಳೆದದ್ದು
ಪಾರ್ಕಿಂಗಿನ ಎರಡು ಬಿಳಿ ಗೆರೆಗಳ ನಡುವನ್ನು.

ಒಂದು ಗುರುವಾರ ರಾತ್ರಿ, ಅಂಗಡಿಯ ಶಟರ್ ಎಳೆದು, ಸೀಟು ಬಿಚ್ಚಿದೆ.
ಖರ್ಜೂರದ ಬೀಜ ಒಂಬತ್ತು. ಐವತ್ತು ಫಿಲ್ಸಿನ ನಾಣ್ಯ.
ಮಗುವಿನದೊಂದು ಗಾಜಿನ ಬಳೆ, ಒಡೆಯದ್ದು.
ಚರ್ಮದ ಕೆಳಗೆ, ಸ್ಪ್ರಿಂಗಿನ ಮೇಲೆ, ಕಂದು ಹಾಸು:
ರಬ್ಬರಿನ ಹಾಲು ಕುಡಿಸಿ ಒತ್ತಿದ ತೆಂಗಿನ ನಾರು.
ಗೊತ್ತಿರದ ಸಂಗತಿಯಲ್ಲ. ನೂರಾರು ಸೀಟುಗಳಿಂದ
ಇದೇ ನಾರು ಕಿತ್ತು, ಫೋಮು ತುರುಕಿ, ಬಿಲ್ಲು ಬರೆದಿದ್ದೇನೆ.
ಸ್ವಂತದ್ದೆಂದು ಈ ಸಲ ಮೂಸಿದೆ.
ಶಾಂಭವಿ ಹೊಳೆಯ ಕೆಸರಲ್ಲಿ ಕೊಳೆಹಾಕಿದ ಸಿಪ್ಪೆಯ ವಾಸನೆ
ಇರಲಿಲ್ಲ. ಇತ್ತು ಎಂದು ಬರೆದರೆ ಸುಳ್ಳಾಗುತ್ತದೆ.
ಪೆಟ್ರೋಲು, ಊದು, ಯಾರದೋ ಬೆವರು.
ಆದರೂ ದೊರೆಗಳು, ರಾಯಭಾರಿಗಳು
ಇಷ್ಟು ವರ್ಷ ಕುಂಡೆಯಡಿ ಹಾಕಿಕೊಂಡದ್ದು ತೆಂಗಿನ ಸಿಪ್ಪೆಯನ್ನಲ್ಲವೇ ಎಂದು
ಒಬ್ಬನೇ ನಕ್ಕೆ.
ನಾರನ್ನು ತೆಗೆಯಲಿಲ್ಲ.
ಬಳೆಯನ್ನು ಇದ್ದಲ್ಲೇ ಇಟ್ಟು ಹೊಲಿದೆ.

ಶುಕ್ರವಾರ ನಸುಕಿಗೆ ದೈದ್ ರಸ್ತೆಗೆ ಇಳಿಸುತ್ತೇನೆ.
ಎ.ಸಿ. ಕೆಮ್ಮುತ್ತದೆ, ಆಮೇಲೆ ಸರಿಹೋಗುತ್ತದೆ.
ಸಿಗ್ನಲ್ಲಿನಲ್ಲಿ ಹೊಸ ಗಾಡಿಯ ಹುಡುಗನೊಬ್ಬ ಗಾಜು ಇಳಿಸಿ
ನಿನ್ನ ಅರಬಾಬ್ ಇದನ್ನು ಮಾರುತ್ತಾನಾ, ಕೇಳು, ಎಂದ.
ಕೇಳುತ್ತೇನೆ ಎಂದೆ.

ಗುಲಾಬಿ ಫೋನಿನಲ್ಲಿ: ಊರಿಗೆ ತರ್ತೀರಾ?
ಇಲ್ಲ, ಸ್ಟಿಯರಿಂಗ್ ಎಡಗಡೆ, ಅಲ್ಲಿ ಬಿಡುವುದಿಲ್ಲ.
ಮತ್ತೆ ಎಂತಕ್ಕೆ ಮಾರಾಯ್ರೆ?
ಫೋನನ್ನು ಬಾಗಿಲ ಹತ್ತಿರ ಹಿಡಿದೆ.
ತೆರೆದೆ. ಮುಚ್ಚಿದೆ.
ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು.
"ಎಂತ ಬಿದ್ದದ್ದು?" ಎಂದಳು.