ಬಿಟ್ಟ ಸ್ಥಳ

ಮೊದಲ ಸಲ ಕಾರ್ಡಿನಲ್ಲಿ ವೃತ್ತಿಯ ಎದುರು
ಮುನಜ್ಜಿಮ್ ಎಂದು ಬರೆದುಬಿಟ್ಟಿದ್ದರು,
ಅಂದರೆ ಜಾತಕ ನೋಡುವವಳು.
ತಿದ್ದಿಸಲು ಮೂರು ವಾರ, ಇನ್ನೂರು ದಿರಹಮ್ಮು.
ಅಷ್ಟರಲ್ಲಿ ಕೌಂಟರಿನ ಹುಡುಗ ಕೇಳಿಯೂ ಆಗಿತ್ತು
ತನ್ನ ಮದುವೆ ಯಾವಾಗ ಅಂತ.

ಅದಕ್ಕೂ ಮುಂಚೆ ಪುಣೆ, ಗ್ರೋನಿಂಗನ್, ಸಾಂತಿಯಾಗೊ,
ಎಲ್ಲೂ ಮೂರನೇ ಚಳಿಗಾಲ ಕಾಣಲಿಲ್ಲ.
ಇಲ್ಲಿ ಅಲ್ ಐನಿನಲ್ಲಿ ಚಳಿಗಾಲವೇ ಇಲ್ಲ,
ಎರಡೆರಡು ವರ್ಷದ ಕರಾರು, ಆರು ಸಲ.
ಬಾಗಿಲ ಮೇಲೆ ಡಾ. ಹಲೀಮಾ ಶಾಬಂದ್ರಿ,
ಒಳಗೆ ಏಸಿಯ ಗೊರಕೆ, ಸುಲೈಮಾನಿ ಚಹಾ,
ಹತ್ತು ಲಕ್ಷ ಗೆಲಾಕ್ಸಿಗಳ ಪಟ್ಟಿ.

ಉಳಿದವರಿಗೆ ಗೆಲಾಕ್ಸಿ ಬೇಕು.
ನಾನು ಅವುಗಳ ನಡುವಿನ ಬಯಲು ಅಳೆಯುವವಳು.
ಊರ ದಕ್ಷಿಣಕ್ಕೆ ಮರಳು, ಮುಗಿಯದ ಮರಳು,
ರುಬ್ ಅಲ್ ಖಾಲಿ.
ಖಾಲಿ! ನಮ್ಮದೇ ಪದ ಇಲ್ಲಿ ಬಿಸಿಲಿಗೆ ಬಿದ್ದಿದೆ:
ಖಾಲಿ ಸಿಲಿಂಡರು, ಖಾಲಿ ಸೈಟು,
ಖಾಲಿ ದೋಸೆ, ಅದರಲ್ಲೂ ಹೊಟ್ಟೆ ತುಂಬುತ್ತದೆ.

ಭಟ್ಕಳದ ಶಾಲೆಯಲ್ಲಿ ಒಂದಂಕದ ಪ್ರಶ್ನೆ,
ಬಿಟ್ಟ ಸ್ಥಳ ತುಂಬಿರಿ.
ಗಾಂವಕರ ಮಾಸ್ತರರು ಬೆನ್ನ ಹಿಂದೆ ನಿಂತು,
ಗೊತ್ತಿಲ್ಲದಿದ್ದರೆ ಹಾಗೇ ಬಿಡು ಮಾರಾಯ್ತಿ,
ಏನೇನೋ ಗೀಚಬೇಡ.
ಇದಕ್ಕಿಂತ ಹೆಚ್ಚಿನ ವಿಧಾನ ನನಗೆ ಆಮೇಲೂ ಯಾರೂ ಕಲಿಸಲಿಲ್ಲ.

ಈ ಕುರ್ಚಿ ಕೊಟ್ಟದ್ದು ಒಂದು ಬಯಲು.
ಮೂವತ್ತು ಕೋಟಿ ಜ್ಯೋತಿರ್ವರ್ಷ ಅಗಲ,
ಒಳಗೆ ಒಂದು ಹುಳವೂ ಇಲ್ಲ ಎಂದು ನಾನೇ ಬರೆದದ್ದು.
ಹೋದ ರಂಜಾನಿನಲ್ಲಿ ಇಫ್ತಾರ್ ಮುಗಿಸಿ
ಖರ್ಜೂರದ ಅಂಟು ಬೆರಳಲ್ಲೇ ಲ್ಯಾಪ್‌ಟಾಪ್ ತೆರೆದಳು ಮೈಥಾ.
ಡಾಕ್ಟೊರಾ, ಇದು ಖಾಲಿ ಅಲ್ಲ.
ಎದುರಿಗೆ ನಮ್ಮದೇ ಹತ್ತಿರದ ತಾರೆಗಳ ಗೊಂಚಲು ನಿಂತಿದೆ,
ಕಣ್ಣು ಕುಕ್ಕುತ್ತದೆಂದು ಅಷ್ಟು ಆಕಾಶವನ್ನು ಕತ್ತರಿಸಿದ್ದರು.
ನೀವು ಆ ತೂತನ್ನೇ ಅಳೆದಿದ್ದೀರಿ.

ಸಹರಿಯ ತನಕ ಎಣಿಸಿದೆ, ಮತ್ತೆ ಎಣಿಸಿದೆ.
ಕಿಟಕಿಯಾಚೆ ಹಫೀತ್ ಬೆಟ್ಟದ ದಾರಿದೀಪಗಳು
ಒಂದೊಂದೇ ಆರುವ ಹೊತ್ತಿಗೆ
ಹುಡುಗಿ ಹೇಳಿದ್ದು ಸರಿ ಅನಿಸಿತು.
ಅನಿಸಿದ್ದೇನು, ಸರಿಯೇ.
ತಿದ್ದೋಲೆ ನಾಲ್ಕೇ ಸಾಲು, ಅವಳ ಹೆಸರು ಮೊದಲು.

ಇವತ್ತು ಏಳನೇ ಕರಾರಿನ ಅರ್ಜಿ ಬಂದಿದೆ.
ಈ ಅವಧಿಯ ಪ್ರಮುಖ ಸಾಧನೆ, ಮುಂದೆ ಒಂದು ಗೆರೆ.
ಪೆನ್ನು ಹಿಡಿದು ಕೂತು ಎಷ್ಟು ಹೊತ್ತಾಯಿತೋ.
ಚಹಾ ಕೊಡುವ ಮುಜೀಬುರ್ ಬಂದು
ಗ್ಲಾಸಿಗೆ ಕೈ ಹಾಕಿ ಕೇಳುತ್ತಾನೆ,
ಖಾಲಿ?

ಇಲ್ಲ, ಇರಲಿ ಬಿಡು,
ತಳದಲ್ಲಿ ಇನ್ನೂ ಸ್ವಲ್ಪ ಇದೆ.